ಸೂತಕ ಕಳೆಯುವ ಸಿನಿಮಾ

ನಮ್ಮ ಕಡೆ ತಿಥಿ ಮುಗಿದ ಮೇಲೆ ಸಿನಿಮಾಗೆ ಹೋಗಬೇಕು. ಹೋದರೆ ಒಳ್ಳೆಯದು ಎಂದಲ್ಲ, ಹೋಗಲೇಬೇಕು. ಈ ಮಾತು ಹೇಳಿದರೆ ಮಡಿಕೇರಿ ಕಡೆಯವರು ನಗುತ್ತಾರೆ. ನಗಲಿ. ಅವರಲ್ಲಿ ಸಾವಾದರೆ ಕೋವಿಯಲ್ಲಿ ಗುಂಡು ಹಾರಿಸುತ್ತಾರೆ, ನಾವೇನು ನಕ್ಕಿದ್ದೇವೆಯೇ? ನಮ್ಮ ಅಜ್ಜಂದಿರು ಅರಕಲಗೂಡು ಸೀಮೆಯಿಂದ ಹೆಬ್ಬಾಲೆಗೆ ಬಂದು ನೆಲೆ ನಿಂತಾಗ ಎತ್ತು, ನೇಗಿಲು, ರಾಗಿ ಬೀಜದ ಜೊತೆಗೆ ಈ ಪದ್ಧತಿಯನ್ನೂ ಕಟ್ಟಿಕೊಂಡು ಬಂದರಂತೆ. ಆಗ ಸಿನಿಮಾ ಎಲ್ಲಿತ್ತು? ಸಾವಿನ ಮನೆಯವರನ್ನು ಸಂತೆಗೆ ಕರೆದೊಯ್ಯುತ್ತಿದ್ದರಂತೆ. ಟೆಂಟ್ ಟಾಕೀಸು ಬಂದ ಮೇಲೆ ಸಂತೆ ಹೋಗಿ ಸಿನಿಮಾ ಆಯಿತು.

ಕ್ರಮ ಇಷ್ಟೇ. ತವರಿನವರು ಬಂದು ಮನೆಯ ಹೆಂಗಸರಿಗೆ ಹೊಸ ಸೀರೆ ಕೊಡಿಸಬೇಕು, ನಗಿಸುವಂಥ ಒಂದು ಸಿನಿಮಾ ತೋರಿಸಬೇಕು, ಹೊರಗೆ ಬಾಡೂಟ ಹಾಕಿಸಿ ಮನೆಗೆ ತಂದು ಬಿಡಬೇಕು. ಅಲ್ಲಿಗೆ ಸೂತಕ ಕಳೆಯಿತು. ಕಟ್ಟುಪಾಡು ಒಂದೇ ಒಂದು. ಸಿನಿಮಾ ನೋಡಿ ಬಂದು ಹೊಸಿಲು ದಾಟಿದ ಮೇಲೆ, ಹೋದವರ ಹೆಸರು ಹೇಳಿ ಆ ಮನೆಯಲ್ಲಿ ಯಾರೂ ಅಳುವಂತಿಲ್ಲ. ಅತ್ತರೆ ಹೋದವರಿಗೆ ದಾರಿ ಸಾಗುವುದಿಲ್ಲ, ತಿರುತಿರುಗಿ ನೋಡುತ್ತಾ ನಿಂತುಬಿಡುತ್ತಾರೆ ಎನ್ನುತ್ತಾರೆ. ಅಳುವುದೇನಿದ್ದರೂ ಅಷ್ಟರೊಳಗೆ ಅತ್ತು ಮುಗಿಸಿಕೊಳ್ಳಬೇಕು.

ನಾನು ಅತ್ತಿರಲಿಲ್ಲ.

ಹೋದದ್ದು ನನ್ನ ಗಂಡ. ಹೆಸರು ಸುನಿಲ್. ಇದ್ದಾಗ ಹೆಸರು ಹಿಡಿದು ಕರೆದವಳಲ್ಲ. ಈಗ ಕರೆದರೆ ಓ ಎನ್ನುವವರಿಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ಶಾಮಿಯಾನದ ಕೆಲಸ ಅವರದು. ಮದುವೆ, ನಾಮಕರಣ, ಸಾವು, ಸಭೆ, ಯಾವುದಾದರೂ ಸರಿ, ಹೆಬ್ಬಾಲೆಯಿಂದ ಕುಶಾಲನಗರದವರೆಗೆ ನಾಲ್ಕು ಜನ ಕೂರಬೇಕೆಂದರೆ ನಮ್ಮ ಕುರ್ಚಿಯೇ ಹೋಗಬೇಕು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಬೆನ್ನಿನ ಹಿಂದೆ ಬಿಳಿ ಬಣ್ಣದಲ್ಲಿ ‘ಸು. ಶಾ. ಹೆಬ್ಬಾಲೆ’ ಎಂದು ಅವರೇ ಬರೆಯುತ್ತಿದ್ದರು. ಅಕ್ಷರ ಅಂಥ ಚೆಂದವೇನಲ್ಲ. ಒಂದು ಮಧ್ಯಾಹ್ನ ಮದುವೆಯಿಂದ ವಾಪಸಾದ ಕುರ್ಚಿಗಳನ್ನು ಪಿಕಪ್ಪಿನಿಂದ ಇಳಿಸುತ್ತಿದ್ದೆವು. ಅವರು ಮೇಲಿಂದ ಕೊಡುವುದು, ನಾನು ಅಂಗಳದಲ್ಲಿ ಒಂದರ ಮೇಲೊಂದು ಜೋಡಿಸುವುದು. ಒಂದು ಕುರ್ಚಿ ಕೈಗೆ ಕೊಟ್ಟು ಏನೋ ಒಂದು ಮಾತು ಹೇಳಿದರು. ಆಮೇಲೆ ಎದೆ ಹಿಡಿದುಕೊಂಡು ಗಾಡಿಯಲ್ಲೇ ಕೂತರು. ಕೂತವರು ಏಳಲಿಲ್ಲ.

ತಿಥಿಗೂ ಅವರದೇ ಶಾಮಿಯಾನ, ಅವರದೇ ಕುರ್ಚಿ. ಬಂದವರೆಲ್ಲ ಅವರ ಹೆಸರಿಗೆ ಬೆನ್ನು ಆನಿಸಿಕೊಂಡು ಕೂತು ಉಂಡು ಹೋದರು.

ಅತ್ತೆ ವನಜಮ್ಮ ಅಳುವುದರಲ್ಲಿ ಹೆಬ್ಬಾಲೆಗೇ ಹೆಸರುವಾಸಿ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಅತ್ತೆಗೆ ಹೇಳಿಕಳಿಸುತ್ತಾರೆ, ಆಮೇಲೆ ನೆಂಟರಿಗೆ. ಅತ್ತೆ ಹೋಗಿ ಹೆಣದ ತಲೆಯ ಹತ್ತಿರ ಕೂತು ಹಾಡಿ ಅಳಲು ಶುರು ಮಾಡಿದರೆ ಕಲ್ಲೂ ಕರಗಬೇಕು. ಮಗನಿಗೂ ಹಾಗೆಯೇ ಅತ್ತರು. ‘ಏಳೂರು ಸುತ್ತಿದ ಮಗನೇ, ನಿನ್ನೂರ ದಾರಿ ಮರೆತೆಯೇನೋ’ ಎಂದು ಅವರು ರಾಗ ಎತ್ತಿದಾಗ ಶಾಮಿಯಾನದ ಕೆಳಗಿದ್ದ ಗಂಡಸರೂ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಮಾತ್ರ ಕೂತಿದ್ದೆ. ಹಿಂದಿನ ಬೀದಿಯ ಮರುಳಸಿದ್ದಪ್ಪನವರು ಹೋದಾಗಲೂ ‘ಏಳೂರು ಸುತ್ತಿದ ಅಣ್ಣಾ’ ಇತ್ತಲ್ಲ ಎಂಬುದು ನನ್ನ ತಲೆಗೆ ಬಂತು. ಆ ಮನುಷ್ಯ ಕುಶಾಲನಗರ ದಾಟಿದವರೇ ಅಲ್ಲ.

ಒಳಗೆ ಏನಿತ್ತು ಎಂದು ಕೇಳಿದರೆ, ಏನೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ನನ್ನನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೆಂಗಸರು ಮೊದಲು ‘ಪಾಪ, ಗರ ಬಡಿದಂಗೆ ಆಗ್ಯದೆ’ ಎಂದರು. ಆಮೇಲೆ ‘ಒಂದು ಹನಿಯಾದ್ರೂ ಬರಬೇಕಲ್ಲ’ ಎಂದರು. ಕೊನೆಕೊನೆಗೆ ನಾನು ಹತ್ತಿರ ಹೋದರೆ ಮಾತು ನಿಲ್ಲಿಸಿದರು. ಮಕ್ಕಳಿಲ್ಲದವಳಿಗೆ ಕರುಳು ಎಲ್ಲಿಂದ ಬರಬೇಕು ಎಂದೂ ಯಾರೋ ಅಂದರಂತೆ. ಅಂದವರ ಹೆಸರೂ ನನಗೆ ಗೊತ್ತು, ಇರಲಿ.

ಅತ್ತೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು, ದಿನಾ. “ಕೊನೇಲಿ ಏನಂದ? ಏನಾದ್ರೂ ಅಂದೇ ಇರ್ತಾನೆ. ಏನಂದ ಹೇಳೇ.”

“ಏನೂ ಹೇಳ್ಲಿಲ್ಲ ಅತ್ತೆ.”

ಹೇಳಿದ್ದರು. ಕುರ್ಚಿಯ ವಿಷಯ. ಅತ್ತೆಗೆ ಹೇಳಿದರೆ ಅದಕ್ಕೊಂದು ರಾಗ ಹಚ್ಚಿ ಅಂಗಳದಲ್ಲಿ ಹಾಡುತ್ತಾರೆ, ನಾಳೆ ಇನ್ನೊಬ್ಬರ ಹೆಣದ ಮುಂದೆಯೂ ಅದನ್ನೇ ಹಾಡುತ್ತಾರೆ. ಅದು ನನಗೆ ಬೇಡವಾಗಿತ್ತು. ಎಲ್ಲರಿಗೂ ಎಲ್ಲವೂ ಸಿಕ್ಕಿತ್ತು, ಅದೊಂದಾದರೂ ನನ್ನ ಹತ್ತಿರ ಇರಲಿ ಎಂದು ಬಾಯಿ ಮುಚ್ಚಿಕೊಂಡೆ.

ತಿಥಿಯ ಮಾರನೇ ದಿನ ನನ್ನ ಅಣ್ಣ ಧರ್ಮಪಾಲ ಕೊಣನೂರಿನಿಂದ ಬಂದ. ಬಸ್ಸಿನಲ್ಲಿ ಬಂದವನು ನಮ್ಮದೇ ಪಿಕಪ್ ತೆಗೆದ. ನಾವು ಮೂವರು ಮುಂದೆ ಕೂತೆವು, ಅಣ್ಣ ಸ್ಟೇರಿಂಗಿನಲ್ಲಿ, ಮಧ್ಯೆ ಅತ್ತೆ, ಬಾಗಿಲ ಬದಿಗೆ ನಾನು. ಅಣ್ಣ ಒಳ್ಳೆಯವನು. ಒಳ್ಳೆಯವರ ತೊಂದರೆಯೇನೆಂದರೆ ಸುಮ್ಮನಿರಲು ಬರುವುದಿಲ್ಲ. ಕೂಡಿಗೆ ದಾಟುವವರೆಗೂ ಶುಂಠಿ ರೇಟಿನ ಬಗ್ಗೆ ಮಾತಾಡಿದ. ಅತ್ತೆ ಆಗಾಗ ತಲೆ ತಿರುಗಿಸಿ, ಹಾಲು ಉಕ್ಕಿತೋ ಇಲ್ಲವೋ ಎಂದು ನೋಡುವವರಂತೆ ನನ್ನ ಮುಖ ನೋಡುತ್ತಿದ್ದರು. ಇವತ್ತು ಅತ್ತೆ ಏನೋ ಹೂಡಿದ್ದಾರೆ ಎಂದು ಆಗಲೇ ನನಗೆ ಅನ್ನಿಸಿತು.

ಕುಶಾಲನಗರದಲ್ಲಿ ಕಾಲಿಡಲು ಜಾಗವಿರಲಿಲ್ಲ. ರಜೆಯ ದಿನಗಳು, ಎಲ್ಲೆಲ್ಲಿಂದಲೋ ಬಂದ ಪ್ರವಾಸಿಗರು. ಗಾಡಿ ನಿಲ್ಲಿಸಿ ಇಳಿದ ಕೂಡಲೇ ಮಸಾಲೆ ಅಂಗಡಿಯ ಹುಡುಗಿಯೊಬ್ಬಳು ನನ್ನ ಮುಂದೆ ತಟ್ಟೆ ಹಿಡಿದಳು. “ಬನ್ನಿ ಮೇಡಂ, ಹೋಂಮೇಡ್ ಚಾಕೊಲೇಟ್, ಟೇಸ್ಟ್ ನೋಡಿ. ಟೂರ್ ಬಂದಿದ್ದಾ?”

ನಾನು ಒಂದು ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಹೌದು ಎಂದೆ. ಯಾಕೆ ಹೌದು ಎಂದೆನೋ ತಿಳಿಯದು. ಸಿಹಿಯೂ ಇರಲಿಲ್ಲ, ಕಹಿಯೂ ಇರಲಿಲ್ಲ, ಬಾಯಲ್ಲಿ ಏನೋ ಕರಗುತ್ತಿದೆ ಎಂಬುದಷ್ಟೇ ಗೊತ್ತಾಯಿತು.

ಬಟ್ಟೆ ಅಂಗಡಿಯಲ್ಲಿ ಅಣ್ಣ ಮಾಮೂಲಿನಂತೆ ಬೂದು, ಕೆನೆ, ತಿಳಿನೀಲಿ ಸೀರೆಗಳನ್ನು ತೆಗೆಸಿದ. ಅತ್ತೆ ಅವನ್ನು ಕೈಯಲ್ಲೂ ಮುಟ್ಟಲಿಲ್ಲ.

“ಗಿಣಿಹಸಿರು ತೆಗಿ” ಎಂದರು ಅಂಗಡಿಯವನಿಗೆ. “ಕೆಂಪು ಅಂಚಿಂದು. ನನ್ನ ಮಗ ಮದುವೆ ಆದ ವರ್ಷ ಗೌರಿಹಬ್ಬಕ್ಕೆ ಇವಳಿಗೆ ಕೊಡ್ಸಿದ್ದ, ಅಂಥಾದ್ದು.”

ಅಣ್ಣ ಗಾಬರಿಯಾದ. “ಅತ್ತೆಮ್ಮ, ಗಿಣಿಹಸಿರಾ? ಜನ ಏನಂತಾರೆ?”

“ಜನಕ್ಕೆ ಮಾಡಕೆ ಏನದೆ? ನೀನು ಕೊಡ್ಸಕೆ ಬಂದಿದೀಯ, ಕೊಡ್ಸು.”

ಅಂಗಡಿಯವನು ಮಲಯಾಳಿ, ಹೊಸಬ. “ಎಂಥ ವಿಶೇಷ ಚೇಚಿ? ಮದುವೆ ಉಂಟಾ?” ಎಂದು ನಗುತ್ತಾ ಸೀರೆಯನ್ನು ನನ್ನ ಹೆಗಲ ಮೇಲೆ ಹರಡಿ ಕನ್ನಡಿಯ ಕಡೆಗೆ ತಿರುಗಿಸಿದ. ಕನ್ನಡಿಯಲ್ಲಿ ಹಣೆ ಖಾಲಿಯಿರುವ ಒಬ್ಬ ಹೆಂಗಸು ಗಿಣಿಹಸಿರು ಸೀರೆ ಹೊದ್ದು ನಿಂತಿದ್ದಳು. ಅವಳ ಹಿಂದೆ ಅತ್ತೆ, ಕತ್ತು ಚಾಚಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಆಗ ಅರ್ಥವಾಯಿತು. ಅತ್ತೆ ನನ್ನನ್ನು ಅಳಿಸಲು ಹೊರಟಿದ್ದಾರೆ. ಸಂಜೆ ಹೊಸಿಲು ದಾಟುವುದರೊಳಗೆ ಹೇಗಾದರೂ ಮಾಡಿ ಅಳಿಸಬೇಕು, ಹೆಂಡತಿಯ ಕಣ್ಣೀರಿಲ್ಲದೆ ತನ್ನ ಮಗ ಹೋಗಬಾರದು ಎಂದು ಪಣ ತೊಟ್ಟಿದ್ದಾರೆ. ಸಿಟ್ಟು ಬಂತು ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಆ ಸೀರೆಯನ್ನು ನಾನು ನೆನಪಿಸಿಕೊಳ್ಳಲು ನೋಡಿದೆ. ಅದರ ಅಂಚು ನೆನಪಾಯಿತು, ಇಸ್ತ್ರಿ ಮಾಡುವಾಗ ಸುಟ್ಟ ಜಾಗ ನೆನಪಾಯಿತು. ಕೊಡಿಸಿದವರ ಮುಖ ಮಾತ್ರ ಬರಲಿಲ್ಲ.

“ಚೆನ್ನಾಗದೆ, ಪ್ಯಾಕ್ ಮಾಡಿ” ಎಂದೆ. ಅತ್ತೆ ಉಸಿರು ಬಿಟ್ಟರು.

ಥಿಯೇಟರಿನಲ್ಲಿ ಎರಡು ಪರದೆ, ಎರಡು ಸಿನಿಮಾ. ಒಂದರ ಪೋಸ್ಟರಿನಲ್ಲಿ ನಾಲ್ವರು ಗಂಡಸರು ಪಂಚೆ ಎತ್ತಿಕಟ್ಟಿ ನಾಯಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದರು. ಇನ್ನೊಂದರಲ್ಲಿ ಒಬ್ಬ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ್ದ, ಒಬ್ಬಳು ಅವನ ಕೈ ಹಿಡಿದಿದ್ದಳು. ಅಣ್ಣ ನಾಯಿಯ ಸಾಲಿಗೆ ಹೋಗಿ ನಿಂತ. ಅತ್ತೆ ಅವನ ತೋಳು ಹಿಡಿದು ಈಚೆಗೆ ಎಳೆದರು.

“ಅದು ಬ್ಯಾಡ. ಇದು.”

“ಅತ್ತೆಮ್ಮ, ಇದು ಅಳೋ ಸಿನಿಮಾ. ನಗೋ ಸಿನಿಮಾನೇ ನೋಡಬೇಕಲ್ವಾ? ಅದಕ್ಕೇ ಕರ್ಕಂಡು ಬಂದಿರದು!”

“ಸಿನಿಮಾ ನೋಡಬೇಕು ಅಂತ ಅದೆ. ನಗಬೇಕು ಅಂತ ಯಾರು ಬರೆದಿಟ್ಟವ್ರೆ?”

ಅಣ್ಣ ನನ್ನ ಕಡೆ ನೋಡಿದ. ನಾನು ಯಾವುದಾದರೂ ಸರಿ ಎಂದೆ. ನಿಜಕ್ಕೂ ಯಾವುದಾದರೂ ಸರಿಯಾಗಿತ್ತು. ನಾಯಿಯೂ ಸರಿ, ಆಸ್ಪತ್ರೆಯೂ ಸರಿ. ಹೀಗೆ ಎಲ್ಲವೂ ಸರಿಯೆನ್ನಿಸುವುದು ಸುಖವೇನಲ್ಲ ಎಂದು ಗೊತ್ತಿಲ್ಲದವರಿಗೆ ಹೇಳುತ್ತಿದ್ದೇನೆ.

ಒಳಗೆ ತಣ್ಣಗಿತ್ತು, ಕತ್ತಲಿತ್ತು, ಅದು ಹಿತವಾಗಿತ್ತು. ಕತ್ತಲಲ್ಲಿ ಯಾರಿಗೂ ಮುಖ ತೋರಿಸುವ ಕೆಲಸವಿಲ್ಲ ಎಂದುಕೊಂಡೆ. ಆದರೆ ಅತ್ತೆ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಸೀಟಿನಲ್ಲಿ ಓರೆಯಾಗಿ ಕೂತು ನನ್ನನ್ನೇ ನೋಡುತ್ತಿದ್ದರು. ಪರದೆಯಲ್ಲಿ ಬೆಳಕಾದಾಗ ಅವರ ಕಣ್ಣು ಹೊಳೆಯುತ್ತಿತ್ತು, ಕತ್ತಲಾದಾಗ ಉಸಿರು ಕೇಳುತ್ತಿತ್ತು.

ಸಿನಿಮಾದ ಹೀರೋಗೆ ಸಾಯಲು ಬಹಳ ಸಮಯ ಹಿಡಿಯಿತು. ಮಧ್ಯೆ ಎರಡು ಹಾಡು ಹಾಡಿದ. ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕರೆದು ಕ್ಷಮೆ ಕೇಳಿದ, ಹೆಂಡತಿಗೆ ಮುಂದಿನ ಜನ್ಮದ ಮಾತು ಕೊಟ್ಟ, ಅಷ್ಟೆಲ್ಲ ಆದರೂ ಮೂಗಿಗೆ ಹಾಕಿದ ನಳಿಕೆ ಅಲುಗಲಿಲ್ಲ. ಥಿಯೇಟರಿನಲ್ಲಿ ಎಲ್ಲ ಕಡೆಯಿಂದ ಮೂಗು ಏರಿಸುವ ಸದ್ದು. ಮುಂದಿನ ಸಾಲಿನ ಹುಡುಗಿ ಜೊತೆಗಿದ್ದವನ ಭುಜದ ಮೇಲೆ ಬಿದ್ದು ಅಳುತ್ತಿದ್ದಳು. ಅತ್ತೆಯ ಆಚೆ ಯಾರೋ ಗೊಳೋ ಎಂದರು. ನೋಡಿದರೆ ನಮ್ಮ ಅಣ್ಣ. ಅಳು ನಿಲ್ಲಿಸಲು ಕರೆದುಕೊಂಡು ಬಂದವನು ಟವೆಲನ್ನು ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದ.

ನಮ್ಮವರು ಇಷ್ಟೆಲ್ಲ ಹೇಳಲಿಲ್ಲ. ಅವರು ಹೇಳಿದ್ದು ಕುರ್ಚಿಯ ಕಾಲಿನ ಬಗ್ಗೆ. “ಇದ್ರ ಕಾಲು ಆಡ್ತಾ ಅದೆ” ಎಂದರು. ಆ ಹೀರೋ ಮಾತಾಡಿದ್ದರಲ್ಲಿ ಕಾಲುಭಾಗ ಇವರಿಗೆ ಕೊಟ್ಟಿದ್ದರೆ ನನಗೂ ಒಂದೆರಡು ಮಾತು ಸಿಗುತ್ತಿತ್ತು ಎನ್ನಿಸಿತು. ಅನ್ನಿಸಿದ್ದು ಅಷ್ಟೇ. ಕಣ್ಣು ಒಣಗಿಯೇ ಇತ್ತು.

ದೀಪ ಹತ್ತಿದಾಗ ಅತ್ತೆ ನನ್ನ ಕೆನ್ನೆಗೆ ಬೆರಳು ಹಚ್ಚಿ ನೋಡಿದರು. ಬೆರಳನ್ನು ಸೆರಗಿಗೆ ಒರೆಸಿಕೊಂಡರು, ಒರೆಸಲು ಏನೂ ಇಲ್ಲದಿದ್ದರೂ.

ಹೊರಗೆ ಇನ್ನೂ ಬೆಳಕಿತ್ತು. ಥಿಯೇಟರಿನ ಮೆಟ್ಟಿಲ ಮೇಲೆ ಮುಂದಿನ ಸಾಲಿನ ಆ ಹುಡುಗಿ ಕಣ್ಣು ಒರೆಸಿಕೊಂಡು ಬಂದು ನನ್ನ ಕೈಗೆ ಫೋನ್ ಕೊಟ್ಟಳು. “ಆಂಟಿ, ಒಂದು ಫೋಟೋ ತೆಗಿತೀರಾ?” ಅವರಿಬ್ಬರೂ ಒತ್ತಿ ನಿಂತು ನಕ್ಕರು. ಫೋಟೋ ತೆಗೆದೆ. ಚೆನ್ನಾಗಿ ಬಂದಿತ್ತು.

ಬೇಗ ಊಟ ಮುಗಿಸಿ ಹೊರಡೋಣ ಎಂದು ಅಣ್ಣ ಹೆದ್ದಾರಿ ಬದಿಯ ಒಂದು ಹೋಟೆಲಿಗೆ ಗಾಡಿ ತಿರುಗಿಸಿದ. ನಂಜಪ್ಪ ಎಂಬ ಕೊಡವರ ಹೋಟೆಲು. ಒಳಗೆ ಪ್ರವಾಸಿಗರು ತುಂಬಿ, ಹೊರಗಿನ ಅಂಗಳದಲ್ಲೂ ಶಾಮಿಯಾನ ಹಾಕಿ ಟೇಬಲ್ ಇಟ್ಟಿದ್ದರು. ನಾನು ಹೋಗಿ ಕುರ್ಚಿ ಎಳೆದೆ. ಕೆಂಪು ಕುರ್ಚಿ. ಬೆನ್ನಿನ ಮೇಲೆ ‘ಸು. ಶಾ. ಹೆಬ್ಬಾಲೆ’.

ಅಂಗಳದ ತುಂಬ ಅವೇ. ರಜೆ ಶುರುವಾಗುವ ಮೊದಲು ಅವರೇ ತಂದು ಹಾಕಿ ಹೋಗಿದ್ದಿರಬೇಕು, ನನಗೆ ಹೇಳಲು ಮರೆತಿದ್ದರು. ಅತ್ತೆಗೆ ಓದು ಬರುವುದಿಲ್ಲ, ಆದರೆ ಮಗ ಬರೆದದ್ದು ಯಾವ ಆಕಾರ ಎಂದು ಗೊತ್ತು. ಅಕ್ಷರದ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು, ಮತ್ತೆ ನನ್ನ ಮುಖ ನೋಡಿದರು. ಇದು ಅವರ ಹೂಟವಲ್ಲ, ತಾನಾಗಿ ಒದಗಿದ್ದು, ಇದಕ್ಕಾದರೂ ಆಗಬಹುದು ಎಂಬ ಆಸೆ ಅವರ ಕಣ್ಣಲ್ಲಿತ್ತು. ನಾನು ಕೂತೆ. ಇವಿಷ್ಟೂ ವಾಪಸ್ ಬರಬೇಕು, ಹಿಂದಿನ ಸಾಲಿನದೊಂದರ ಕೈ ಸೀಳಿದೆ, ಯಾರು ಬಂದು ಒಯ್ಯುವುದು ಎಂದು ಯೋಚಿಸಿದೆ.

“ಏನು ತರ್ಸಲಿ ಅತ್ತೆಮ್ಮ? ಕೋಳಿ?” ಎಂದ ಅಣ್ಣ.

“ಹಂದಿ” ಎಂದರು ಅತ್ತೆ.

ಅಣ್ಣನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಹಂದಿ ಬೇಯಿಸುವುದಿರಲಿ, ಅದರ ಹೆಸರೆತ್ತಿದರೂ ಅತ್ತೆ ಪಾತ್ರೆ ಬೆಳಗಿಸುತ್ತಿದ್ದರು.

“ಅಲ್ಲಿ ಇಲ್ಲಿ ಮದುವೆಗೆ ಕುರ್ಚಿ ಹಾಕಕೆ ಹೋದಾಗ ತಿನ್ಕಂಡು, ಬಾಯಿಗೆ ಏಲಕ್ಕಿ ಹಾಕ್ಕಂಡು ಬರ್ತಿದ್ದ” ಎಂದರು ಅತ್ತೆ ನನಗೆ. “ನಂಗೆ ಗೊತ್ತಿಲ್ಲ ಅಂದ್ಕಂಡಿದ್ರಾ ನೀವಿಬ್ರೂ? ಅವನಿಗೆ ಇಷ್ಟ ಅಲ್ವಾ? ತಿನ್ನು ನೀನು. ಇವತ್ತು ಅವನ ಹೆಸರಲ್ಲಿ ತಿನ್ನು.”

ಅಕ್ಕಿತರಿಯ ಉಂಡೆ ಕಡಂಬುಟ್ಟು, ಕಪ್ಪಗೆ ಮಿರುಗುವ ಪಂದಿ ಕರಿ ಬಂತು. ತಿಂದೆ. ಮೆಣಸು ನೆತ್ತಿಗೆ ಹತ್ತಿತು, ಕಣ್ಣಲ್ಲಿ ನೀರು ತುಂಬಿತು. ಅತ್ತೆ ಟೇಬಲಿನ ಮೇಲೆ ಬಾಗಿ, ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು.

“ಬಂತಾ?”

“ಖಾರ ಅತ್ತೆ.”

ಅವರು ಹಿಂದಕ್ಕೆ ಸರಿದರು. ತಮ್ಮ ತಟ್ಟೆಯ ಅನ್ನ ಸಾರು ಕಲಸಿದರು, ಕಲಸುತ್ತಲೇ ಇದ್ದರು.

ಆಗ ನಂಜಪ್ಪ ಬಂದರು. ಗಲ್ಲಾದಿಂದಲೇ ನನ್ನನ್ನು ಗುರುತು ಹಿಡಿದಿದ್ದರಂತೆ. ದೊಡ್ಡ ದನಿಯ ಮನುಷ್ಯ. “ಎಂಥಮ್ಮ ಇದು, ನಿಮ್ಮ ಯಜಮಾನರು ಫೋನೇ ಎತ್ತುದಿಲ್ಲ! ಎಷ್ಟು ಸಲ ಮಾಡಿದೆ! ಇನ್ನೂ ಕುರ್ಚಿ ಬೇಕು ನನಗೆ, ಜನ ನೋಡಿ, ನಿಂತು ತಿಂತಾ ಇದ್ದಾರೆ. ಸುನಿಲ್ ಬರ್ಲಿಲ್ವಾ? ಅವರನ್ನ ಬಿಟ್ಟು ನೀವೇ ಊಟಕ್ಕೆ ಬಂದದ್ದಾ?”

ಅಣ್ಣ ಬಾಯಿ ತೆರೆದ. ಅತ್ತೆ ಟೇಬಲಿನ ಕೆಳಗೆ ಅವನ ಕಾಲು ತುಳಿದಿರಬೇಕು, ಮುಚ್ಚಿದ.

“ಅವರಿಗೆ ಕೆಲಸ ಅದೆ” ಎಂದೆ. ದನಿ ನನ್ನದೇ, ಸ್ವಲ್ಪವೂ ನಡುಗಲಿಲ್ಲ. “ನಾಳೆ ಕುರ್ಚಿ ಕಳಿಸ್ತೀನಿ.”

“ಹಾಂ, ಹೇಳಿ ಅವರಿಗೆ. ಹಂದಿ ಸ್ವಲ್ಪ ಕಟ್ಟಿಕೊಡ್ಲಾ? ಅವರಿಗೆ ಬಹಳ ಇಷ್ಟ ಅಲ್ವಾ.”

“ಕಟ್ಟಿಕೊಡಪ್ಪ” ಎಂದರು ಅತ್ತೆ.

ಆ ಪೊಟ್ಟಣವನ್ನು ಅತ್ತೆ ಹೆಬ್ಬಾಲೆಯವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದರು. ಬಿಸಿ ಇದ್ದಿರಬೇಕು, ಆಗಾಗ ಎತ್ತಿ ಬೇರೆ ಕಡೆ ಇಡುತ್ತಿದ್ದರು. ಅಣ್ಣ ಈಗ ಶುಂಠಿಯ ಮಾತೆತ್ತಲಿಲ್ಲ. ಅತ್ತೆ ನನ್ನ ಮುಖವನ್ನೂ ನೋಡಲಿಲ್ಲ. ಸೋತರು ಎಂದುಕೊಂಡೆ. ಗೆದ್ದಂತೆ ಅನ್ನಿಸಬೇಕಾಗಿತ್ತು, ಅದೂ ಆಗಲಿಲ್ಲ. ಅವರ ಸಣ್ಣ ಕತ್ತು, ಗಾಡಿ ಕುಲುಕಿದಾಗೆಲ್ಲ ಅಲ್ಲಾಡುವ ತಲೆ ನೋಡಿ ಒಂದು ಯೋಚನೆ ಬಂತು. ಇಡೀ ದಿನ ಈ ಮುದುಕಿ ನನ್ನಿಂದ ಬೇಡಿದ್ದು ಒಂದೇ ಒಂದು. ಕೊಟ್ಟರೆ ನನ್ನ ಗಂಟೇನು ಹೋಗುತ್ತದೆ? ಬರದಿದ್ದರೆ ಬಂದ ಹಾಗೆ ಮಾಡಿದರಾಯಿತು.

ಮನೆಯ ಮುಂದೆ ಇಳಿದಾಗ ಆಗಷ್ಟೇ ಮಬ್ಬುಗತ್ತಲು. ಅಂಗಳದಲ್ಲಿ ತಿಥಿಯ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಕುರ್ಚಿಗಳನ್ನು ಜೋಡಿಸಿ ಹಗ್ಗ ಬಿಗಿದು ಇಟ್ಟಿದ್ದರು. ಸಂಪ್ರದಾಯದಂತೆ ಅಣ್ಣ ಮೊದಲು ಒಳಗೆ ಹೋದ. ಅವನು ದೀಪ ಹಚ್ಚಿ ಕರೆದ ಮೇಲೆ ನಾವು ಕಾಲು ತೊಳೆದು ಹೊಸಿಲು ದಾಟಬೇಕು. ಇರುವುದು ಅಷ್ಟೇ ಹೊತ್ತು.

ನಾನು ಶಾಮಿಯಾನದ ಕಂಬ ಹಿಡಿದು ನಿಂತೆ. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಭುಜ ಕುಲುಕಿಸಿದೆ. ಊರಿನ ಹೆಂಗಸರು ಮಾಡುವುದನ್ನು ನೋಡಿದ್ದೆನಲ್ಲ, ಹಾಗೆಯೇ ಒಂದು ಸದ್ದನ್ನೂ ಮಾಡಿದೆ. ನನಗೇ ಅದು ಕೆಟ್ಟದಾಗಿ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ.

ಅತ್ತೆ ಹತ್ತಿರ ಬಂದು ಸೆರಗನ್ನು ಮೆಲ್ಲಗೆ ಕೆಳಗೆಳೆದರು.

“ಬಿಡು” ಎಂದರು. “ಸುಳ್ಳು ಅಳು ನಂಗೆ ಗೊತ್ತಾಗಲ್ವಾ? ಜೀವಮಾನ ಎಲ್ಲ ಮಾಡಿರದು ಅದನ್ನೇ.”

ನಾನು ಕಂಬ ಬಿಟ್ಟು ನಿಂತೆ.

“ಅವನಿಗೆ ಹಾಡಿದ್ನಲ್ಲ, ಅದೆಲ್ಲ ಬಾಯಿಪಾಠ ಕಣೆ. ನಮ್ಮವ್ವ ಹೇಳಿಕೊಟ್ಟಿದ್ದು. ಯಾರ ಹೆಣಕ್ಕಾದ್ರೂ ಅದನ್ನೇ ಹಾಡದು, ಅಣ್ಣ ಅಂತ ಇದ್ದಲ್ಲಿ ಮಗ ಅಂತ ಅಂದೆ, ಅಷ್ಟೇ. ಎಲ್ರೂ ಅತ್ರು.” ಅತ್ತೆ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಾಯಿಸಿದರು. “ನಂಗೆ ಬರ್ಲಿಲ್ಲ. ಇನ್ನೂ ಬಂದಿಲ್ಲ. ಹೆತ್ತವಳಿಗೆ ಬರ್ಲಿಲ್ಲ ಅಂತ ಯಾರ ಹತ್ರ ಹೇಳಲಿ? ನೀನಾದ್ರೂ ಸುರು ಮಾಡಿದ್ರೆ, ನಿನ್ನ ಹಿಂದೇನೆ ನಂಗೂ ಬರಬೋದೇನೋ ಅಂತ ನೋಡ್ತಿದ್ದೆ. ಒಳಗೆ ಹೋಗದ್ರೊಳಗೆ.”

ಬೆಳಗಿನಿಂದ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ತಮ್ಮ ಅಳು ಎಲ್ಲಿಂದ ಬರುತ್ತದೆ ಎಂದು. ಅತ್ತೆಗೆ ನಿಂತು ಸುಸ್ತಾಗಿತ್ತು. ಕಟ್ಟಿದ ಕುರ್ಚಿಗಳ ರಾಶಿಯಿಂದ ದೂರ, ಗೋಡೆಯ ಬದಿಗೆ ಒಂದೇ ಒಂದು ಕುರ್ಚಿ ಬಿಡಿಯಾಗಿ ಇತ್ತು. ಅಂದು ನಾನೇ ಇಟ್ಟಿದ್ದು, ಆಮೇಲೆ ಯಾರನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಅತ್ತೆ ಅದರ ಕಡೆ ನಡೆದು, ಕೈ ಊರಿ, ಇನ್ನೇನು ಕೂರಬೇಕು.

“ಅತ್ತೆ, ಅದು ಬ್ಯಾಡ! ಕಾಲು ಆಡ್ತಾ ಅದೆ!”

ಇಷ್ಟು ಜೋರಾಗಿ ನಾನು ಈ ನಡುವೆ ಮಾತೇ ಆಡಿರಲಿಲ್ಲ. ಅತ್ತೆ ಅರ್ಧ ಬಾಗಿದಲ್ಲೇ ನಿಂತು ತಿರುಗಿದರು.

“ಇದೇ ಅಂದಿದ್ದು ಅತ್ತೆ” ಎಂದೆ. “ಕೊನೇಲಿ. ನೀವು ಕೇಳ್ತಿದ್ರಲ್ಲ. ಈ ಕುರ್ಚಿ ನನ್ನ ಕೈಗೆ ಕೊಟ್ಟು, ‘ಇದ್ರ ಕಾಲು ಆಡ್ತಾ ಅದೆ, ಅವ್ವ ಕೂತ್ಕಂಡು ಬಿದ್ದಾಳು, ಬದಿಗಿಡು’ ಅಂದ್ರು. ಇಷ್ಟೇ ಅಂದಿದ್ದು. ನೀವು ಇದನ್ನ ಹಾಡ್ತೀರ ಅಂತ ನಾನು ಹೇಳ್ಲಿಲ್ಲ.”

ಅತ್ತೆ ಹಾಡಲಿಲ್ಲ. ಏಳೂರೂ ಬರಲಿಲ್ಲ, ದಾರಿಯೂ ಬರಲಿಲ್ಲ. ಕುರ್ಚಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತರು. ಅವರ ಬಾಯಿಂದ ಬಂದ ಸದ್ದನ್ನು ಹೆಬ್ಬಾಲೆಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ರಾಗವಿಲ್ಲ, ಪದವಿಲ್ಲ, ನಡುನಡುವೆ ಉಸಿರೂ ಸಿಗುತ್ತಿರಲಿಲ್ಲ. ನಾನು ಹೋಗಿ ಅವರ ಪಕ್ಕ ಕೂತೆ, ಬೆನ್ನು ಸವರೋಣ ಎಂದು ಕೈ ಎತ್ತಿದೆ. ಆಗ ಅವರ ಮುಖ ಬಂತು, ಸುನಿಲರದು. ಗಾಡಿಯ ಮೇಲಿಂದ ಬಗ್ಗಿ ಕುರ್ಚಿ ಕೊಡುವಾಗ ಹಣೆಯ ಮೇಲೆ ಬೆವರು, ಕಿವಿಯ ಹಿಂದೆ ಬಿಳಿ ಬಣ್ಣದ ಒಂದು ಕಲೆ. ಎತ್ತಿದ ಕೈ ಅತ್ತೆಯ ಬೆನ್ನಿನ ಮೇಲೆಯೇ ಉಳಿಯಿತು, ನನಗೂ ಬಂತು. ಹೇಗೆ ಬಂತು ಎಂದು ಬರೆಯುವುದಿಲ್ಲ. ಅದು ನಮ್ಮಿಬ್ಬರದು.

“ದೀಪ ಹಚ್ಚಾಯ್ತು, ಬನ್ನಿ ಒಳಗೆ” ಎಂದು ಅಣ್ಣ ಕರೆದ. ಯಾರೂ ಬಾರದ್ದಕ್ಕೆ ಬಾಗಿಲಿಗೇ ಬಂದ. ಅಂಗಳದಲ್ಲಿ ನೆಲದ ಮೇಲೆ ಕೂತ ನಮ್ಮನ್ನು ನೋಡಿ ಅಲ್ಲೇ ನಿಂತ.

ಅತ್ತೆ ಮುಖ ಎತ್ತಲಿಲ್ಲ. ಒಂದು ಕೈ ಮಾತ್ರ ಅವನ ಕಡೆ ಬೀಸಿದರು.

“ನೀನು ಹೋಗಪ್ಪ ಧರ್ಮಪಾಲ. ನಮ್ಮದು ಇನ್ನೂ ಸಿನಿಮಾ ಬಿಟ್ಟಿಲ್ಲ.”

ಅಣ್ಣ ಹೊಸಿಲ ದೀಪಕ್ಕೆ ಗಾಳಿ ತಾಗದಂತೆ ಬಾಗಿಲನ್ನು ಓರೆ ಮಾಡಿಕೊಂಡು ಒಳಗೆ ಹೋದ.